ಆಟೋಕ್ಯಾಡ್‌ನಲ್ಲಿ ತಿದ್ದುವುದನ್ನು ಕಲಿತ ಬಗೆ: ನನ್ನ ಅನುಭವ

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶದಲ್ಲಿ ಮನೆಯ ಪ್ಲಾನ್ ಬರೆಯುವಾಗ ಹೊಸ ಗೆರೆ ಎಳೆಯುವುದಕ್ಕಿಂತ ಎಳೆದ ಗೆರೆಯನ್ನು ತಿದ್ದುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. 30x40 ಸೈಟಿನ ಮೊದಲ ಪ್ಲಾನ್ ಬೇಗ ಮುಗಿಯುತ್ತದೆ. ಅದನ್ನು ಮನೆಯವರು ನೋಡಿದ ಮೇಲೆಯೇ ನಿಜವಾದ ಕೆಲಸ ಶುರುವಾಗುವುದು. ಅಡುಗೆಮನೆ ಆಗ್ನೇಯಕ್ಕೆ ಬರಬೇಕು, ಹಾಲ್ ಒಂದಡಿ ದೊಡ್ಡದಾಗಬೇಕು, ಮೆಟ್ಟಿಲು ಹೊರಗಿನಿಂದ ಹತ್ತುವಂತಿರಬೇಕು ಎಂದು ಅವರು ಹೇಳುವ ಒಂದೊಂದು ಮಾತಿಗೂ ಗೋಡೆ, ಬಾಗಿಲು, ಕಿಟಕಿ, ಅಳತೆ ಎಲ್ಲವೂ ಒಟ್ಟಿಗೆ ಸರಿಯಬೇಕಾಗುತ್ತದೆ. ಆದರೂ ತರಬೇತಿ ಕೇಂದ್ರಗಳಲ್ಲಿ ಬರೆಯುವುದನ್ನು ವಿವರವಾಗಿ ಕಲಿಸಿ, ತಿದ್ದುವುದನ್ನು ಕಮಾಂಡುಗಳ ಪಟ್ಟಿಯಾಗಿ ಓದಿಸಿ ಮುಗಿಸುವುದೇ ಹೆಚ್ಚು.

ಸಿವಿಲ್ ಡಿಪ್ಲೊಮಾ ಮುಗಿಸಿ ದಾವಣಗೆರೆಯ ಒಂದು ಸಣ್ಣ ಕಚೇರಿಗೆ ಸೇರಿದಾಗ ನನಗೂ ಸರಿಸುವ ಮೂವ್, ನಕಲು ಮಾಡುವ ಕಾಪಿ, ಕತ್ತರಿಸುವ ಟ್ರಿಮ್, ಸಮಾನಾಂತರ ಗೆರೆ ಮೂಡಿಸುವ ಆಫ್‌ಸೆಟ್ ಎಲ್ಲವೂ ಬಾಯಿಪಾಠವಾಗಿದ್ದವು. ಅಲ್ಲಿನ ಹಿರಿಯ ಡ್ರಾಫ್ಟ್ಸ್‌ಮನ್ ಸ್ವಲ್ಪ ಹೊತ್ತು ನನ್ನ ಕೆಲಸ ನೋಡಿ, "ಮೊದಲು ಸೆಲೆಕ್ಟ್ ಮಾಡೋದು ಕಲಿಯಪ್ಪ, ಕಮಾಂಡು ಆಮೇಲೆ ನೋಡ್ಕೊಳ್ಳೋಣ" ಎಂದರು. ತಿದ್ದುವ ಕೆಲಸದ ಅರ್ಧ ಭಾಗ ಆಯ್ಕೆಯಲ್ಲೇ ಇದೆ ಎಂಬುದು ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಮನದಟ್ಟಾಯಿತು.

ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಕರ್ಸರನ್ನು ಎಡದಿಂದ ಬಲಕ್ಕೆ ಒಯ್ದರೆ ನೀಲಿ ಚೌಕ ಮೂಡುತ್ತದೆ, ಅದರೊಳಗೆ ಪೂರ್ತಿಯಾಗಿ ಸೇರಿದ ವಸ್ತುಗಳು ಮಾತ್ರ ಆಯ್ಕೆಯಾಗುತ್ತವೆ. ಬಲದಿಂದ ಎಡಕ್ಕೆ ಒಯ್ದರೆ ಹಸಿರು ಚೌಕ ಮೂಡುತ್ತದೆ, ಅದು ತಾಗಿದ್ದೆಲ್ಲವೂ ಆಯ್ಕೆಯಾಗುತ್ತದೆ. ಮೊದಲನೆಯದು ವಿಂಡೋ, ಎರಡನೆಯದು ಕ್ರಾಸಿಂಗ್. ಒಂದು ಕೋಣೆಯೊಳಗಿನ ಮಂಚ, ಬೀರುಗಳನ್ನು ಗೋಡೆಗೆ ಕೈ ಹಚ್ಚದೆ ತೆಗೆಯಬೇಕಾದರೆ ವಿಂಡೋ ಬೇಕು. ಒಂದಕ್ಕೊಂದು ಹೆಣೆದುಕೊಂಡ ಗೆರೆಗಳನ್ನು ಹಿಡಿಯಬೇಕಾದರೆ ಕ್ರಾಸಿಂಗ್ ಬೇಕು. ಹೆಚ್ಚಾಗಿ ಆಯ್ಕೆಯಾದದ್ದನ್ನು ಶಿಫ್ಟ್ ಒತ್ತಿ ಹಿಡಿದು ಮತ್ತೆ ಕ್ಲಿಕ್ ಮಾಡಿದರೆ ಅದು ಹೊರಗೆ ಹೋಗುತ್ತದೆ. ಹಿಂದಿನ ಕಮಾಂಡಿನಲ್ಲಿ ಹಿಡಿದಿದ್ದ ವಸ್ತುಗಳೇ ಮತ್ತೆ ಬೇಕಾದರೆ, ವಸ್ತುಗಳನ್ನು ಆರಿಸಲು ಕೇಳಿದಾಗ 'ಪಿ' ಎಂದು ಟೈಪ್ ಮಾಡಿದರೆ ಸಾಕು.

ಈ ಆಯ್ಕೆಯ ಬೆಲೆ ಗೆರೆಗಳನ್ನು ಹಿಗ್ಗಿಸುವ ಸ್ಟ್ರೆಚ್ ಕಮಾಂಡಿನಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಹಾಲನ್ನು ಒಂದಡಿ ಉದ್ದ ಮಾಡಬೇಕು ಎಂದುಕೊಳ್ಳಿ. ಹೊಸಬರು ಸಾಮಾನ್ಯವಾಗಿ ಕೊನೆಯ ಗೋಡೆಯನ್ನು ಮೂವ್ ಮಾಡಿ, ಪಕ್ಕದ ಎರಡು ಗೋಡೆಗಳನ್ನು ಅಲ್ಲಿಯವರೆಗೆ ಚಾಚಿ (ಎಕ್ಸ್‌ಟೆಂಡ್ ಮಾಡಿ), ಕಿಟಕಿಯನ್ನು ಬೇರೆಯಾಗಿ ಸರಿಸಿ, ಅಳತೆಯನ್ನು ಅಳಿಸಿ ಹೊಸದಾಗಿ ಹಾಕುತ್ತಾರೆ. ಸ್ಟ್ರೆಚ್‌ನಲ್ಲಾದರೆ ಕೊನೆಯ ಗೋಡೆ ಪೂರ್ತಿ ಒಳಗಿರುವಂತೆ, ಪಕ್ಕದ ಗೋಡೆಗಳ ತುದಿಗಳಷ್ಟೇ ಒಳಗೆ ಬರುವಂತೆ ಬಲದಿಂದ ಎಡಕ್ಕೆ ಹಸಿರು ಚೌಕ ಹಾಕಿ, ನೇರ ಅಡ್ಡಕ್ಕೆ ಇಲ್ಲವೇ ಉದ್ದಕ್ಕೆ ಮಾತ್ರ ಸರಿಯುವಂತೆ ಆರ್ಥೋ ಆನ್ ಇಟ್ಟು, ಕರ್ಸರನ್ನು ಬೇಕಾದ ದಿಕ್ಕಿಗೆ ಸರಿಸಿ 305 (ಮಿಲಿಮೀಟರಿನಲ್ಲಿ ಸುಮಾರು ಒಂದಡಿ) ಎಂದು ಟೈಪ್ ಮಾಡಿದರೆ ಕೆಲಸ ಮುಗಿಯಿತು. ಚೌಕದೊಳಗೆ ಪೂರ್ತಿಯಿರುವ ವಸ್ತು ಹಾಗೆಯೇ ಸರಿಯುತ್ತದೆ. ಅರ್ಧ ಒಳಗಿರುವ ಗೆರೆಯ ಒಳಗಿನ ತುದಿ ಮಾತ್ರ ಸರಿದು ಗೆರೆ ಉದ್ದವಾಗುತ್ತದೆ. ಬ್ಲಾಕ್ ಆಗಿರುವ, ಅಂದರೆ ಹಲವು ಗೆರೆ ಸೇರಿ ಒಂದೇ ವಸ್ತುವಾಗಿರುವ ಕಿಟಕಿ, ಬಾಗಿಲುಗಳೂ ವೃತ್ತಗಳೂ ಹೀಗೆ ಹಿಗ್ಗುವುದಿಲ್ಲ, ಇದ್ದ ಗಾತ್ರದಲ್ಲೇ ಸರಿಯುತ್ತವೆ. ಮನೆಯ ಪ್ಲಾನಿಗೆ ಬೇಕಾಗಿರುವುದೂ ಅದೇ. ಅಳತೆ ತೋರಿಸುವ ಡೈಮೆನ್ಷನ್‌ನ ತುದಿಯ ಬಿಂದುವೂ ಚೌಕದೊಳಗೆ ಬಂದಿದ್ದರೆ ಅಳತೆಯ ಅಂಕಿ ತಾನಾಗಿಯೇ ಬದಲಾಗುತ್ತದೆ. ಮನೆಯವರ ಮುಂದೆಯೇ ಕುಳಿತು ಪ್ಲಾನ್ ಬದಲಿಸಬೇಕಾಗಿ ಬಂದಾಗ ನನ್ನನ್ನು ಕಾಪಾಡಿದ್ದು ಈ ಒಂದು ಕಮಾಂಡು.

ಗೋಡೆಗಳಿಗೆ ನಾನು ಅನುಸರಿಸುವ ಕ್ರಮ ಸರಳವಾದದ್ದು. ಹೊರಗಿನ ಗೆರೆಯನ್ನು ಒಂದೇ ಪಾಲಿಲೈನ್ (ಮೂಲೆಗಳಲ್ಲಿ ತುಂಡಾಗದ ಒಂದೇ ಗೆರೆ) ಆಗಿ ಎಳೆದು 230 ಮಿಲಿಮೀಟರಿಗೆ ಒಳಕ್ಕೆ ಆಫ್‌ಸೆಟ್ ಮಾಡುತ್ತೇನೆ, ಅಂದರೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಒಳಗೋಡೆಗಳಿಗೆ 115. ಕೂಡುವ ಜಾಗಗಳಲ್ಲಿ ಉಳಿಯುವ ತುಂಡುಗಳನ್ನು ಟ್ರಿಮ್ ಮಾಡುತ್ತೇನೆ. ಹಳೆಯ ಆವೃತ್ತಿಗಳಲ್ಲಿ ಕತ್ತರಿಸುವ ಅಂಚನ್ನು ಮೊದಲು ತೋರಿಸಬೇಕಾಗಿತ್ತು, ಇಲ್ಲವೇ ಏನನ್ನೂ ತೋರಿಸದೆ ಎಂಟರ್ ಒತ್ತಿ ಎಲ್ಲವನ್ನೂ ಅಂಚಾಗಿ ಒಪ್ಪಬೇಕಾಗಿತ್ತು. 2021ರ ಆವೃತ್ತಿಯಿಂದ ನೇರವಾಗಿ ಬೇಡದ ತುಂಡಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಟ್ರಿಮ್ ನಡೆಯುತ್ತಿರುವಾಗ ಶಿಫ್ಟ್ ಒತ್ತಿ ಹಿಡಿದರೆ ಅದೇ ಕಮಾಂಡು ಎಕ್ಸ್‌ಟೆಂಡ್ ಆಗುತ್ತದೆ. ಮೂಲೆಗಳಿಗೆ ಮಾತ್ರ ನಾನು ಇವೆರಡನ್ನೂ ಬಳಸುವುದಿಲ್ಲ. ಮೂಲೆಯನ್ನು ದುಂಡಗೆ ಮಾಡುವ ಫಿಲೆಟ್‌ನಲ್ಲಿ ತ್ರಿಜ್ಯ ಸೊನ್ನೆ ಇಟ್ಟು ಎರಡು ಗೆರೆಗಳನ್ನು ಮುಟ್ಟಿದರೆ, ಅವು ಹೆಚ್ಚಾಗಿರಲಿ ಕಡಿಮೆಯಾಗಿರಲಿ, ಚೊಕ್ಕಟವಾಗಿ ಮೂಲೆಯಲ್ಲಿ ಕೂಡುತ್ತವೆ.

ಮಿರರ್ ಬಗ್ಗೆ ಒಂದು ಮಾತು. ಅಕ್ಕಪಕ್ಕದ ಎರಡು ಮನೆಗಳಿಗೆ ಒಂದನ್ನು ಬರೆದು ಇನ್ನೊಂದನ್ನು ಕನ್ನಡಿಯಂತೆ ತಿರುಗಿಸುವುದು ಸುಲಭ, ಮಿರ್‌ಟೆಕ್ಸ್ಟ್ ಎಂಬ ಸೆಟ್ಟಿಂಗ್ ಸೊನ್ನೆಯಲ್ಲಿದ್ದರೆ ಅಕ್ಷರಗಳೂ ತಿರುಗುಮುರುಗಾಗದೆ ಓದಲು ಬರುತ್ತವೆ. ಆದರೆ ಉತ್ತರ-ದಕ್ಷಿಣ ಗೆರೆಯ ಮೇಲೆ ತಿರುಗಿಸಿದಾಗ ಆಗ್ನೇಯದ ಅಡುಗೆಮನೆ ನೈಋತ್ಯಕ್ಕೆ ಹೋಗುತ್ತದೆ. ತಂತ್ರಾಂಶಕ್ಕೆ ಇದರಲ್ಲಿ ಯಾವ ಆಕ್ಷೇಪವೂ ಇಲ್ಲ. ಆ ಮನೆ ಕಟ್ಟಿಸುವವರು ಮಾತ್ರ ಒಪ್ಪುವುದಿಲ್ಲ.

ಬೇರೆಯವರು ಬರೆದ ಡ್ರಾಯಿಂಗನ್ನು ತಿದ್ದುವುದು ಇನ್ನೂ ಕಷ್ಟದ ಕೆಲಸ. ಸರ್ವೇ ಡ್ರಾಯಿಂಗ್ ಇಂಚಿನಲ್ಲಿ ಬಂದಿದ್ದರೆ 25.4ರಿಂದ ಸ್ಕೇಲ್ ಮಾಡಿದಾಗ ಮಿಲಿಮೀಟರಿಗೆ ಬರುತ್ತದೆ. ಯಾವ ಮಾನದಲ್ಲಿದೆ ಎಂದೇ ತಿಳಿಯದಿದ್ದರೆ ಸ್ಕೇಲ್‌ನ ರೆಫರೆನ್ಸ್ ಆಯ್ಕೆಯಲ್ಲಿ ಸೈಟಿನ ಮೂವತ್ತು ಅಡಿಯ ಬದಿಯ ಎರಡು ತುದಿಗಳನ್ನು ತೋರಿಸಿ 9144 ಎಂದು ಕೊಡುತ್ತೇನೆ, ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಬದಿಯನ್ನು ಅಳೆದು ನೋಡುತ್ತೇನೆ, 12192 ಬರಬೇಕು.

ಇಂಥ ಡ್ರಾಯಿಂಗ್‌ಗಳಲ್ಲಿ ನಾನು ಬಹಳ ಅನುಮಾನದಿಂದ ನೋಡುವುದು ಡೈಮೆನ್ಷನ್‌ಗಳನ್ನು. ಗೋಡೆ ಸರಿಸುವ ಬದಲು ಅಂಕಿಯನ್ನಷ್ಟೇ ಕೈಯಿಂದ ಬದಲಿಸಿಟ್ಟಿರುವುದು ಅಪರೂಪವೇನಲ್ಲ. ಕಾಗದದಲ್ಲಿ ಹತ್ತಡಿ ಎಂದಿರುತ್ತದೆ, ಗೆರೆ ಒಂಬತ್ತೂವರೆ ಅಡಿಯದ್ದಾಗಿರುತ್ತದೆ, ಮೇಸ್ತ್ರಿ ನಂಬುವುದು ಅಂಕಿಯನ್ನು. ಕಂಟ್ರೋಲ್ ಮತ್ತು 1 ಒತ್ತಿ ಪ್ರಾಪರ್ಟೀಸ್ ತೆರೆದರೆ ಟೆಕ್ಸ್ಟ್ ಓವರ್‌ರೈಡ್ ಎಂಬ ಸಾಲಿನಲ್ಲಿ ಕೈಯಿಂದ ಹಾಕಿದ ಅಂಕಿ ಕಾಣುತ್ತದೆ, ಅದನ್ನು ಅಳಿಸಿದರೆ ನಿಜವಾದ ಅಳತೆ ಮತ್ತೆ ಬರುತ್ತದೆ. ಎಕ್ಸ್‌ಪ್ಲೋಡ್ ಮಾಡಿದ ಡೈಮೆನ್ಷನ್‌ಗೆ ಈ ಉಪಾಯವೂ ನಡೆಯುವುದಿಲ್ಲ. ಅದು ಬರೀ ಗೆರೆ ಮತ್ತು ಅಕ್ಷರವಾಗಿ ಒಡೆದಿರುತ್ತದೆ, ಗೋಡೆ ಎಲ್ಲಿಗೆ ಸರಿದರೂ ಅದರ ಅಂಕಿ ಬದಲಾಗುವುದಿಲ್ಲ. ಅಂಥವನ್ನು ಕಂಡರೆ ಅಳಿಸಿ ಹೊಸದಾಗಿ ಹಾಕುತ್ತೇನೆ, ಆಮೇಲೆಯೇ ಗೋಡೆಗೆ ಕೈ ಹಾಕುತ್ತೇನೆ.