ಹಳೆಯ ಮದುವೆ ವಿಡಿಯೊದಲ್ಲಿ ಮುಖಗಳು ಸೊರಗಿವೆಯೇ? ಸರಿಪಡಿಸುವುದು ಹೀಗೆ

ನೆಂಟರೊಬ್ಬರ ಮದುವೆಯ ಮಿನಿ ಡಿವಿ ಕ್ಯಾಸೆಟ್ಟನ್ನು ಈಚೆಗೆ ಕಂಪ್ಯೂಟರಿಗೆ ಇಳಿಸಿದೆ. ಧಾರೆಯ ಹೊತ್ತಿನ ದೃಶ್ಯ. ಮದುಮಗಳ ಹಣೆಯ ದುಂಡು ಕುಂಕುಮ ಉದ್ದುದ್ದವಾಗಿತ್ತು, ಪುರೋಹಿತರ ಕೆನ್ನೆ ಒಳಕ್ಕೆ ಹೋಗಿತ್ತು. ಟೇಪು ಹಾಳಾಗಿದೆ ಎಂದು ಮನೆಯವರು ನೊಂದುಕೊಂಡರು. ಟೇಪಿಗೆ ಏನೂ ಆಗಿರಲಿಲ್ಲ. ಅದರ ಜೊತೆಗಿರಬೇಕಾದ ಒಂದು ಸಂಖ್ಯೆ ಮಾತ್ರ ಕಳೆದುಹೋಗಿತ್ತು.

ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿ (ಡಿಜಿಟಲ್ ವಿಡಿಯೊ) ಚಿತ್ರದ ಅಳತೆ 720×576 ಪಿಕ್ಸೆಲ್. ಚಿತ್ರದ ಅಗಲ-ಎತ್ತರದ ಅನುಪಾತ ಹಳೆಯ ಟಿವಿಯ 4:3 ಇರಲಿ, 16:9 ಅಗಲತೆರೆಯದೇ ಇರಲಿ, ಈ ಅಳತೆ ಬದಲಾಗುವುದಿಲ್ಲ. ಬದಲಾಗುವುದು ಪ್ರತಿ ಪಿಕ್ಸೆಲ್‌ನ ಅಗಲ. ಅಗಲತೆರೆಯಲ್ಲಿ ಅದು ಎತ್ತರದ ಸುಮಾರು 1.42 ಪಟ್ಟು. ಈ ಸೂಚನೆ ಫೈಲಿನಲ್ಲಿ ಇಲ್ಲದಿದ್ದರೆ ಕಂಪ್ಯೂಟರ್ ಪಿಕ್ಸೆಲ್ಲನ್ನು ಚೌಕವೆಂದೇ ತಿಳಿಯುತ್ತದೆ. ಆಗ ಎಲ್ಲರೂ ತಮ್ಮ ಅಗಲದಲ್ಲಿ ಶೇ 70ರಷ್ಟು ಮಾತ್ರ ಉಳಿಯುತ್ತಾರೆ.

ಮೊದಲು ಅಳೆಯಿರಿ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆದರೆ ‘ಡಿಸ್‌ಪ್ಲೇ ಆಸ್ಪೆಕ್ಟ್ ರೇಷಿಯೊ’, ಅಂದರೆ ತೆರೆಯ ಮೇಲೆ ಕಾಣುವ ಚಿತ್ರದ ಅಗಲ-ಎತ್ತರದ ಅನುಪಾತ, ಕಾಣುತ್ತದೆ. ಆದರೆ ಅದನ್ನೊಂದನ್ನೇ ನಂಬಬೇಡಿ. ಛತ್ರದ ಗೋಡೆ ಗಡಿಯಾರ ನೇರವಾಗಿ ಕಾಣುವ ಜಾಗದಲ್ಲಿ ವಿಡಿಯೊ ನಿಲ್ಲಿಸಿ, ಪರದೆಯ ಮೇಲೆಯೇ ಅಳತೆಪಟ್ಟಿ ಇಡಿ. ಎತ್ತರ 10 ಸೆಂ.ಮೀ., ಅಗಲ 7 ಸೆಂ.ಮೀ. ಬಂದರೆ ಅದು ಕುಗ್ಗಿದ ಅಗಲತೆರೆ ಚಿತ್ರವೇ ಸರಿ. ಕೆಲವು ಕ್ಯಾಮೆರಾಗಳು 4:3 ಚೌಕಟ್ಟಿನ ಮೇಲೆ ಕೆಳಗೆ ಕಪ್ಪು ಪಟ್ಟಿ ಬಳಿದು ಅದನ್ನೇ ಅಗಲತೆರೆ ಎನ್ನುತ್ತಿದ್ದವು. ಅಂಥದರಲ್ಲಿ ಗಡಿಯಾರ ಹೆಚ್ಚುಕಡಿಮೆ ದುಂಡಗೇ ಇರುತ್ತದೆ. ಅದನ್ನು ಹಿಗ್ಗಿಸಿದರೆ ಸರಿಯಿದ್ದ ಮುಖವನ್ನು ಕೈಯಾರೆ ಕೆಡಿಸಿದಂತೆ.

ಕ್ಲಿಪ್‌ಗೆ ಸರಿಯಾದ ಪಿಕ್ಸೆಲ್ ಅನುಪಾತ, ಅಂದರೆ ಕಳೆದುಹೋದ ಆ ಸಂಖ್ಯೆಯನ್ನು, ಕೊಡಿ. ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶದಲ್ಲಿ ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ, ‘ಮಾಡಿಫೈ’ ಅಡಿಯಲ್ಲಿ ‘ಇಂಟರ್‌ಪ್ರೆಟ್ ಫುಟೇಜ್’ ತೆರೆದು ಪಾಲ್ ವೈಡ್‌ಸ್ಕ್ರೀನ್ ಆರಿಸಿ. ಇನ್ನೊಂದು ಸಂಕಲನ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ಇದು ‘ಕ್ಲಿಪ್ ಆಟ್ರಿಬ್ಯೂಟ್ಸ್’ ಒಳಗಿದೆ. ಒಂದು ಕಡೆ 1.42, ಇನ್ನೊಂದು ಕಡೆ 1.46 ಎಂದು ಕಂಡರೆ ಗಾಬರಿ ಬೇಡ. ಚಿತ್ರದ ಅಂಚಿನ ಕೆಲವು ಪಿಕ್ಸೆಲ್‌ಗಳನ್ನು ಲೆಕ್ಕಕ್ಕೆ ಸೇರಿಸುವುದೋ ಬಿಡುವುದೋ ಎಂಬುದರಿಂದ ಬಂದ ವ್ಯತ್ಯಾಸವದು, ಕಣ್ಣಿಗೆ ತಿಳಿಯುವುದಿಲ್ಲ. ಚಿತ್ರದ ಅಂಚು ಹಿಡಿದು ಕಣ್ಣಂದಾಜಿನಲ್ಲಿ ಎಳೆಯುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಒಂದೊಂದು ಕ್ಲಿಪ್ ಒಂದೊಂದು ಅಗಲಕ್ಕೆ ನಿಂತು, ಒಂದೇ ಮುಖ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತದೆ.

ಕ್ಲಿಪ್‌ಗಳನ್ನು ಜೋಡಿಸುವ ಟೈಮ್‌ಲೈನ್ ಚೌಕ ಪಿಕ್ಸೆಲ್‌ನದಾಗಿರಲಿ. 1024×576, ಸೆಕೆಂಡಿಗೆ 25 ಫ್ರೇಮ್. ಹಳೆಯ ಟೇಪನ್ನು 1920×1080ಕ್ಕೆ ಹಿಗ್ಗಿಸಿದರೆ ಇಲ್ಲದ ವಿವರ ಬಂದುಬಿಡುವುದಿಲ್ಲ. ಎಚ್‌ಡಿವಿ (ಹೈ ಡೆಫಿನಿಷನ್) ಟೇಪ್‌ನ ಲೆಕ್ಕ ಬೇರೆ: ಅದರ 1440×1080 ಚಿತ್ರಕ್ಕೆ 1.333 ಅನುಪಾತ ಕೊಟ್ಟರೆ ಸರಿಯಾಗಿ 1920 ಬರುತ್ತದೆ. ಅಕ್ಷತೆ ಎರಚುವ ಕೈಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಇಂಟರ್ಲೇಸ್ ಮಾಡಿ, ಅಂದರೆ ಒಂದು ಬಿಟ್ಟು ಒಂದು ಗೆರೆಯಾಗಿ ದಾಖಲಾದ ಎರಡು ಅರ್ಧ ಚಿತ್ರಗಳನ್ನು ಬೇರ್ಪಡಿಸಿ ಪೂರ್ಣ ಚಿತ್ರ ಮಾಡಿ. ಎತ್ತರ ಬದಲಿಸುವ ಯಾವುದೇ ಕೆಲಸಕ್ಕಿಂತ ಇದು ಮೊದಲಾಗಬೇಕು. ಇಲ್ಲದಿದ್ದರೆ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಆಮೇಲೆ ಬಿಡಿಸಲಾಗದು.

ನಡುವೆ ಬಾಲ್ಯದ 4:3 ತುಣುಕು ಸೇರಿಸುವುದಿದ್ದರೆ ಎಡಬಲದ ಕಪ್ಪು ಜಾಗ ಹಾಗೆಯೇ ಇರಲಿ. ಅದನ್ನು ತುಂಬಿಸಲು ಅಜ್ಜಿಯ ಮುಖ ಹಿಗ್ಗಿಸುವುದು, ತಾತನ ಪೇಟ ಕತ್ತರಿಸುವುದು ಯಾವ ನ್ಯಾಯ?

ಇನ್ನು ರಫ್ತು, ಅಂದರೆ ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವುದು (ಎಕ್ಸ್‌ಪೋರ್ಟ್). ಅಳತೆ ಮತ್ತೆ 1024×576, ಪಿಕ್ಸೆಲ್ ಅನುಪಾತ 1.0, ವಿಡಿಯೊ ಕುಗ್ಗಿಸುವ ವಿಧಾನ ಎಚ್.264. ಇಡೀ ವಿಡಿಯೊ 4:3 ಆಗಿದ್ದರೆ 768×576ರಲ್ಲೇ ತೆಗೆಯಿರಿ, ಪಟ್ಟಿ ಸೇರಿಸಬೇಡಿ. ಯೂಟ್ಯೂಬ್ ಅದನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಮುಗಿದ ಫೈಲನ್ನು ಮೊಬೈಲ್‌ನಲ್ಲೂ ಟಿವಿಯಲ್ಲೂ ನೋಡಿ. ಟಿವಿಯಲ್ಲಿ ಮಾತ್ರ ಮುಖ ಅಗಲವಾಗಿದ್ದರೆ ರಿಮೋಟ್‌ನ ಚಿತ್ರ ಅಳತೆಯ ಆಯ್ಕೆ ಬದಲಿಸಿ, ಫೈಲನ್ನು ಮುಟ್ಟಬೇಡಿ. ಆಮೇಲೆ ಅದೇ ಗಡಿಯಾರದ ಮೇಲೆ ಅಳತೆಪಟ್ಟಿ ಇಡಿ. ಉದ್ದ, ಅಗಲ ಎರಡೂ ಒಂದೇ ಬಂದರೆ ಫೈಲನ್ನು ಮನೆಯವರಿಗೆ ಕಳುಹಿಸಬಹುದು.