ಐದು ಸ್ವರ ಹಿಡಿದು ಕೂತ ಕಥೆ

ನನಗೆ ಹಾಡಲು ಬರುವುದಿಲ್ಲ. ಯಾವ ವಾದ್ಯವೂ ಬರುವುದಿಲ್ಲ. ಆದರೆ ಹಿಂದೂಸ್ತಾನಿ ಸಂಗೀತ ಕೇಳುವುದನ್ನು ಕಲಿತಿದ್ದೇನೆ. ರೇಡಿಯೋ, ಒಂದು ಕ್ಯಾಸೆಟ್, ಕೆಲವು ಕಾರ್ಯಕ್ರಮಗಳು, ಒಂದು ನೋಟ್‌ಬುಕ್. ನನ್ನ ಪಾಠಶಾಲೆ ಇಷ್ಟೇ. "ಆ ಸಂಗೀತ ನಮಗೆಲ್ಲ ತಿಳಿಯೋದಿಲ್ಲ ಬಿಡು" ಎಂದು ಗೆಳೆಯರು ಹೇಳಿದಾಗಲೆಲ್ಲ, ನಾನು ಹೇಗೆ ಕಲಿತೆ ಎಂದು ಅವರಿಗೆ ಪೂರ್ತಿ ಹೇಳಬೇಕು ಅನ್ನಿಸುತ್ತದೆ.

ನಮ್ಮ ಮನೆ ಇರುವುದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ, ಅಡಿಕೆ ತೋಟದ ಕಣಿವೆಯಲ್ಲಿ. ನನ್ನ ಕಿವಿ ಮೊದಲು ತಯಾರಾದದ್ದು ಯಕ್ಷಗಾನದಲ್ಲಿ. ಚಂಡೆಯ ಪೆಟ್ಟು ಬಿದ್ದರೆ ಸಾಕು, ಹೊದ್ದ ಕಂಬಳಿ ಬಿಸಾಕಿ ಏಳುತ್ತಿದ್ದೆ. ಭಾಗವತ ಕಾಳಿಂಗ ನಾವಡರ ಪದಗಳ ಕ್ಯಾಸೆಟ್ ಆಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿತ್ತು. 1990ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಂಥ ವೇಗದ, ಏರು ದನಿಯ ಸಂಗೀತಕ್ಕೆ ಒಗ್ಗಿದ ಕಿವಿಗೆ ಹಿಂದೂಸ್ತಾನಿಯ ಖ್ಯಾಲ್ ಗಾಯನ ಅಂದರೆ ಕಷ್ಟವೇ.

ಆದರೆ ಅಪ್ಪಯ್ಯನಿಗೆ ಅದೇ ಬೇಕು. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಎಲ್ಲರೂ ಕೂತು ಅಡಿಕೆ ಸುಲಿಯುವಾಗ ರೇಡಿಯೋ ಜಗಲಿ ಕಟ್ಟೆಯ ಮೇಲಿರುತ್ತಿತ್ತು. ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. 1952ರಲ್ಲಿ ಶುರುವಾದದ್ದು ಅದು. ನಾವು ಕೇಳುತ್ತಿದ್ದದ್ದು ಧಾರವಾಡ ಕೇಂದ್ರದಿಂದ, ಮಧ್ಯಮ ತರಂಗ 765 ಕಿಲೋಹರ್ಟ್ಸ್‌ನಲ್ಲಿ. ಎಫ್‌ಎಂ ಗುಡ್ಡ ಹತ್ತಿ ಇಳಿದು ಬರುವುದಿಲ್ಲ, ನಮ್ಮ ಕಣಿವೆಗೆ ಅದು ಸಿಗುತ್ತಿರಲಿಲ್ಲ. ಮಧ್ಯಮ ತರಂಗ ಹಾಗಲ್ಲ. ಕತ್ತಲಾದ ಮೇಲೆ ಅದು ಮೇಲಿನ ವಾಯುಪದರಕ್ಕೆ ಬಡಿದು ದೂರ ದೂರಕ್ಕೆ ಬೀಳುತ್ತದೆ. ಹಗಲು ಕೇಳಿಸದ ಕೇಂದ್ರಗಳೂ ರಾತ್ರಿ ಕೇಳಿಸುವುದು ಅದಕ್ಕೇ.

ರೇಡಿಯೋ ಹೇಗೆ ಇಡಬೇಕು ಅನ್ನುವುದೇ ನಾನು ಕಲಿತ ಮೊದಲ ಪಾಠ. ಒಳಗೆ ಉದ್ದಕ್ಕೆ ಒಂದು ಫೆರೈಟ್ ಕಡ್ಡಿ ಇರುತ್ತದೆ. ಅದರ ಉದ್ದದ ಮೈ ಕೇಂದ್ರದ ದಿಕ್ಕಿಗೆ ಅಡ್ಡಲಾಗಿರಬೇಕು. ಸುಮ್ನೆ ಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ತಂಬೂರಿ ತೆರೆದುಕೊಳ್ಳುತ್ತದೆ. ನಮ್ಮ ಕಟ್ಟೆಯ ಮೇಲೆ ಆ ಜಾಗಕ್ಕೆ ಅಪ್ಪಯ್ಯ ಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದ. ಇನ್ನೊಂದು ಸಂಗತಿ: ಕರೆಂಟ್ ಹೋದರೆ ಸಂಗೀತ ಚೆನ್ನಾಗಿ ಕೇಳಿಸುತ್ತದೆ. ಟ್ಯೂಬ್‌ಲೈಟಿನ, ವೈರಿನ ಗುಂಯ್ ಸದ್ದೆಲ್ಲ ಒಮ್ಮೆಲೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ನಾಲ್ಕು ನಾಲ್ಕು ದಿನ ಕರೆಂಟ್ ಇರುತ್ತಿರಲಿಲ್ಲ. ನಾನು ಅತಿ ಸ್ವಚ್ಛವಾಗಿ ಕೇಳಿದ ಖ್ಯಾಲ್‌ಗಳೆಲ್ಲ ಚಿಮಣಿ ದೀಪದ ಬೆಳಕಿನವು, ಗುಡುಗು ಬಂದಾಗಿನ ಚಟಚಟ ಬಿಟ್ಟರೆ.

ಇಷ್ಟಾದರೂ ವಿಲಂಬಿತ್, ಅಂದರೆ ನಿಧಾನ ಲಯದ ಖ್ಯಾಲ್, ಶುರುವಾದರೆ ನನಗೆ ನಿದ್ದೆ. ಎಲ್ಲಿಗೂ ಹೋಗದ ಹಾಡು ಅನ್ನಿಸುತ್ತಿತ್ತು.

ಕಾಲೇಜು ಓದುವಾಗ, ಒಂದು ಚೌತಿಯ ಸಮಯದಲ್ಲಿ, ಪಕ್ಕದೂರಿನ ಮನೆಯೊಂದರ ಜಗಲಿಯಲ್ಲಿ ಅಹೋರಾತ್ರಿ ಸಂಗೀತವಿತ್ತು. ನಮ್ಮ ಕಡೆ ಇದು ಹೊಸತಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ ಇಲ್ಲದ ಊರು ಕಡಿಮೆ. ಬಸವರಾಜ ರಾಜಗುರುಗಳ ಶಿಷ್ಯರಾದ ಗಣಪತಿ ಭಟ್ ಹಾಸಣಗಿಯವರಂಥ ಗಾಯಕರು ಈ ನೆಲದಿಂದಲೇ ಬಂದವರು. ಆ ದಿನ ಬೆಳಗಾದ ಮೇಲೆ ಒಬ್ಬರು ಹಾಡಲು ಕೂತರು. ಸ ರಿ ಗ ಪ ಧ. ನನಗೆ ಗುರುತು ಸಿಕ್ಕಿತು! ಯಕ್ಷಗಾನದ ಮೋಹನ ಅಲ್ವಾ, ಹಿಂದೂಸ್ತಾನಿಯಲ್ಲಿ ಭೂಪ್. ಪಕ್ಕದಲ್ಲಿ ಕೂತ ಹಿರಿಯರಿಗೆ "ಭೂಪ್" ಅಂದೆ. ಅವರು ಕಣ್ಣು ತೆರೆಯದೆ ಕೇಳಿದರು:

"ತಮಾ, ಈಗ ಗಂಟೆ ಎಷ್ಟಾತು?"

"ಎಂಟು."

"ಹಂಗಾರೆ ನೋಡು."

ಅಷ್ಟೇ ಹೇಳಿದರು. ಚಹಾ ಕುಡಿಯುವಾಗ ಬಿಡಿಸಿ ಹೇಳಿದರು. ಭೂಪ್ ಸಂಜೆ ಕತ್ತಲಾದ ಮೇಲಿನ ರಾಗ. ಇದು ದೇಶಕಾರ್, ಬೆಳಗಿನದು. ಸ್ವರಗಳು ಅವೇ ಐದು. ಭೂಪ್‌ನಲ್ಲಿ ಗಾಂಧಾರ (ಗ) ಯಜಮಾನ, ದೇಶಕಾರ್‌ನಲ್ಲಿ ಧೈವತ (ಧ). ಭೂಪ್ ಕೆಳಗಿನ ಅರ್ಧದಲ್ಲಿ ಓಡಾಡುತ್ತದೆ, ದೇಶಕಾರ್ ಮೇಲಿನ ಅರ್ಧದಲ್ಲಿ.

ನನಗೆ ತಲೆ ಗಿರ್ರೆಂದಿತು. ಅವೇ ಐದು ಸ್ವರ ಇಟ್ಟುಕೊಂಡು ಎರಡು ಬೇರೆ ರಾಗ ಹೇಗೆ? ಮನೆಗೆ ಬರುವ ದಾರಿಯಲ್ಲಿ ನಿರ್ಧಾರ ಮಾಡಿದೆ. ಬೇರೆ ರಾಗಗಳ ತಂಟೆಗೆ ಹೋಗುವುದಿಲ್ಲ. ಈ ಐದು ಸ್ವರ ಬಿಡುವುದಿಲ್ಲ.

ನೋಟ್‌ಬುಕ್ ಶುರುವಾದದ್ದು ಆವಾಗ. ತಾರೀಖು, ಗಂಟೆ, ಯಾವ ಕೇಂದ್ರ, ಯಾರು ಹಾಡಿದರು, ಯಾವ ರಾಗ ಎಂದು ನನ್ನ ಊಹೆ, ನಿಜವಾದ ಹೆಸರು. ಒಂದು ತೊಂದರೆ ಇತ್ತು. ರೇಡಿಯೋದಲ್ಲಿ ಉದ್ಘೋಷಕರು ಮೊದಲೇ ರಾಗದ ಹೆಸರು ಹೇಳಿಬಿಡುತ್ತಾರೆ. ಹೆಸರು ಕೇಳಿದ ಮೇಲೆ ಕಿವಿ ಕೆಲಸ ಮಾಡುವುದಿಲ್ಲ, ಹೆಸರಿಗೆ ತಕ್ಕಂತೆ ಎಲ್ಲ ಹೊಂದಿಸಿಕೊಂಡು ಕೂರುತ್ತದೆ. ಹಾಗಾಗಿ ಬೇಕಂತಲೇ ಎರಡು ನಿಮಿಷ ತಡವಾಗಿ ರೇಡಿಯೋ ಹಚ್ಚುತ್ತಿದ್ದೆ. ಊಹೆ ಬರೆಯುತ್ತಿದ್ದೆ. ಕೊನೆಯಲ್ಲಿ ಅವರು ಮತ್ತೊಮ್ಮೆ ಹೆಸರು ಹೇಳುವವರೆಗೆ ಕಾಯುತ್ತಿದ್ದೆ. ಮೊದಲ ಮೂರು ತಿಂಗಳ ಹಾಳೆಗಳಲ್ಲಿ ಸರಿ ಗುರುತುಗಳು ಬೆರಳೆಣಿಕೆ. ಆದರೆ ತಪ್ಪುಗಳನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತಿತ್ತು. ನಾನು ಯಾವ ಸ್ವರ ಬಂತು ಎಂದು ಮಾತ್ರ ನೋಡುತ್ತಿದ್ದೆ. ಯಾವ ಸ್ವರದ ಮೇಲೆ ಗಾಯಕರು ನಿಂತರು ಎಂದು ನೋಡುತ್ತಿರಲಿಲ್ಲ. ಅಂದಿನಿಂದ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆದೆ: "ಎಲ್ಲಿ ನಿಲ್ಲುತ್ತಾರೆ?"

ಇದಕ್ಕೆ ಮೊದಲು ಷಡ್ಜ ಸಿಗಬೇಕು. ಹಾಡು ಶುರುವಾದ ಕೂಡಲೇ ತಂಬೂರಿಯ ಜೊತೆ ಸಾ ಎಂದು ಮೆಲ್ಲಗೆ ಗುನುಗಿಕೊಳ್ಳಿ. ಅದನ್ನು ಬಿಡದೆ ಹಿಡಿದುಕೊಂಡರೆ ಉಳಿದ ಸ್ವರಗಳು ಎಷ್ಟು ದೂರದಲ್ಲಿವೆ ಎಂದು ತಾವಾಗಿ ತಿಳಿಯುತ್ತ ಬರುತ್ತದೆ. ನಾನು ತೋಟಕ್ಕೆ ಹೋಗುವಾಗಲೂ ಗುನುಗುತ್ತಿದ್ದೆ.

ವಿಲಂಬಿತ್‌ನ ನಿದ್ದೆ ಹೋದದ್ದು ತಾಳದಿಂದ. ಇಲ್ಲಿ ಯಕ್ಷಗಾನದ ಕಿವಿ ಕೈಹಿಡಿಯಿತು. ಏಕತಾಲ್‌ಗೆ ಹನ್ನೆರಡು ಮಾತ್ರೆ. ತಬಲಾದ ನುಡಿಗಳು ಹೀಗೆ: ಧಿನ್ ಧಿನ್ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧಿನ್ ನಾ. ನಿಧಾನದ ಲಯದಲ್ಲಿ ಈ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ನಿಮಿಷವೇ ಬೇಕಾಗಬಹುದು. ಮೊದಲ ಸಲ ಕೇಳುವವರಿಗೆ ಅಲ್ಲಿ ತಾಳ ಇದೆ ಅಂತಲೇ ಗೊತ್ತಾಗುವುದಿಲ್ಲ. ನಾನು ಎಲ್ಲ ಹನ್ನೆರಡನ್ನೂ ಎಣಿಸಲು ಹೋಗಲಿಲ್ಲ. 'ತಿರಕಿಟ' ಒಂದನ್ನೇ ಹಿಡಿದೆ. ಅದು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಯಲ್ಲಿ. ಎರಡನೆಯ ತಿರಕಿಟ ಬಂತೆಂದರೆ ಮುಂದೆ ಧಿನ್, ನಾ, ಆಮೇಲೆ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ. ಅಂದರೆ ಗಾಯಕರು ಈಗ ಎಲ್ಲಿದ್ದರೂ ಮನೆಗೆ ತಿರುಗಲೇಬೇಕು. ಅವರು ಆಲಾಪದಲ್ಲಿ ಎಲ್ಲೋ ದೂರ ಹೋಗಿರುತ್ತಾರೆ, ತಿರಕಿಟ ಕೇಳಿಸುತ್ತದೆ, ಬಂದಿಶ್‌ನ ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಹಿಡಿದು ಸರಿಯಾಗಿ ಸಮ್ ಮೇಲೆ ಬಂದು ಕೂರುತ್ತಾರೆ. ಇದು ಮೊದಲ ಸಲ ನನಗೆ ಕೇಳಿಸಿದ ರಾತ್ರಿ ನಾನು ಒಬ್ಬನೇ ಜಗಲಿಯಲ್ಲಿ "ಆಹಾ" ಅಂದೆ. ಒಳಗಿನಿಂದ ಆಯಿ "ಎಂತಾ ಆತೋ?" ಎಂದು ಕೇಳಿದಳು.

ರೇಡಿಯೋ ಒಂದು ಸಲ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ಕ್ಯಾಸೆಟ್ ಬೇಕಾದದ್ದು ಅದಕ್ಕೇ. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪಯ್ಯ ಹುಬ್ಬಳ್ಳಿಯಿಂದ ತಂದುಕೊಟ್ಟ ಒಂದು ಕ್ಯಾಸೆಟ್ ನನ್ನ ಜೀವದ ಕ್ಯಾಸೆಟ್ ಆಯಿತು. ಭೀಮಸೇನ ಜೋಶಿಯವರದು. ಒಂದು ಬದಿ ಶುದ್ಧ ಕಲ್ಯಾಣ ರಾಗ, ಇನ್ನೊಂದು ಬದಿ ಲಲಿತ್. ಇವತ್ತಿಗೂ ನನ್ನ ಮೆಚ್ಚಿನ ಆಲ್ಬಂ ಯಾವುದು ಎಂದರೆ ಅದೇ. ಬೇರೆಯವು ಬಂದವು, ಹೋದವು. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಗಳನ್ನು ಆಮೇಲೆ ತುಂಬಾ ಪ್ರೀತಿಸಿದೆ. ಆದರೆ ಅವರ ಅಪರೂಪದ ರಾಗಗಳನ್ನು ಹೊಸಬರು ಮೊದಲೇ ಹಚ್ಚಿಕೊಂಡರೆ ದಾರಿ ಸಿಗುವುದು ಕಷ್ಟ ಅಂತ ನನ್ನ ಅನಿಸಿಕೆ. ಮೊದಲು ಒಂದು ದೊಡ್ಡ, ತಿಳಿಯಾದ ರಾಗ ಬೇಕು.

ಶುದ್ಧ ಕಲ್ಯಾಣ ಬಂದು ನನ್ನ ಐದು ಸ್ವರದ ಲೆಕ್ಕವನ್ನು ಮತ್ತೆ ಕಲಸಿತು. ಹತ್ತುವಾಗ ಅವೇ ಸ ರಿ ಗ ಪ ಧ. ಇಳಿಯುವಾಗ ಮಾತ್ರ ನಿಷಾದ (ನಿ) ಮತ್ತು ತೀವ್ರ ಮಧ್ಯಮ (ಏರಿಸಿದ ಮ) ಬರುತ್ತವೆ. ಅವೂ ನೇರವಾಗಿ ಬಂದು ನಿಲ್ಲುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್‌ನಲ್ಲಿ ನೆರಳಿನ ಹಾಗೆ ಹಾದು ಹೋಗುತ್ತವೆ. ಮೊದಲ ಎರಡು ವಾರ ನನಗೆ ಆ ನೆರಳು ಕೇಳಿಸಲೇ ಇಲ್ಲ. ಭೂಪ್ ಅಂತಲೇ ಕೇಳುತ್ತಿದ್ದೆ. ಪ್ರತಿ ರಾತ್ರಿ ಅದೇ ಬದಿ, ಪೂರ್ತಿ, ನಡುವೆ ನಿಲ್ಲಿಸದೆ. ಬಹುಶಃ ಹದಿನೇಳನೆಯದೋ ಹದಿನೆಂಟನೆಯದೋ ರಾತ್ರಿ, ಪಂಚಮದಿಂದ ಗಾಂಧಾರಕ್ಕೆ ಇಳಿಯುವಲ್ಲಿ ಏನೋ ಸವರಿಕೊಂಡು ಹೋಯಿತು. ಹಿಂದಕ್ಕೆ ತಿರುಗಿಸಿ ಕೇಳಿದೆ. ಇದೆ! ಅಷ್ಟು ದಿನವೂ ಅಲ್ಲೇ ಇತ್ತು. ಕಾಡಿನಲ್ಲಿ ಎದುರೇ ಕೂತ ಹಕ್ಕಿ ಕಣ್ಣಿಗೆ ಬೀಳಲು ಹೊತ್ತು ಬೇಕಲ್ಲ, ಹಾಗೆ. ಅದು ಸಿಕ್ಕಿದ ಮೇಲೆ ಭೂಪ್ ಬೇರೆ, ಶುದ್ಧ ಕಲ್ಯಾಣ ಬೇರೆ. ಇನ್ನು ಎಂದೂ ಕಲೆಸಿಹೋಗಲಿಲ್ಲ.

ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ನೂರು ಆಲ್ಬಂ ಒಂದೊಂದು ಸಲ ಕೇಳಬೇಡಿ. ಒಂದು ಆಲ್ಬಂನ ಒಂದು ಬದಿಯನ್ನು ಒಂದು ತಿಂಗಳು ಕೇಳಿ.

ಮಲೆನಾಡಿನ ಮಳೆಗೆ ಕ್ಯಾಸೆಟ್ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಒಂದು ವರ್ಷ ಆಷಾಢದಲ್ಲಿ ಮುಟ್ಟದೆ ಬಿಟ್ಟೆ, ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯಿತು. ಲಲಿತ್‌ನ ಶುರುವಿನ ಭಾಗ ಹಾಳಾಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಈ ತುದಿಯಿಂದ ಆ ತುದಿಗೆ ಸುತ್ತಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಲು ಶುರು ಮಾಡಿದೆ. 60 ನಿಮಿಷದ ಕ್ಯಾಸೆಟ್‌ಗಿಂತ 90 ನಿಮಿಷದ್ದರ ಟೇಪು ತೆಳು, ಬೇಗ ಸಿಕ್ಕಿಹಾಕಿಕೊಳ್ಳುತ್ತದೆ. ರೇಡಿಯೋದಿಂದ ತುಂಬಿಸಿಕೊಳ್ಳುವಾಗ ನಾನು 60ರದ್ದನ್ನೇ ಬಳಸುತ್ತಿದ್ದೆ.

ಉತ್ಸವಗಳ ವಿಷಯದಲ್ಲಿ ನನಗೆ ಒಂದು ಬೇಸರವಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಭೀಮಸೇನ ಜೋಶಿಯವರ ಗುರು ಸವಾಯಿ ಗಂಧರ್ವರ ನೆನಪಿನ ಕಾರ್ಯಕ್ರಮದಲ್ಲಿ ರಾತ್ರಿ ಕೂತವರಿಗೆ ಗೊತ್ತು, ಸಂಗೀತ ಗಡಿಯಾರದ ಜೊತೆ ಹೇಗೆ ನಡೆಯುತ್ತದೆ ಅಂತ. ಸಂಜೆಯ ಭೂಪ್‌ನಿಂದ ಹೊರಟು, ನಡುರಾತ್ರಿಯ ಮಾಲಕಂಸ್ ದಾಟಿ, ಲಲಿತ್ ಬರುವ ಹೊತ್ತಿಗೆ ಹೊರಗೆ ಬೆಳಕು ಹರಿಯುತ್ತಿರುತ್ತದೆ. ಈಗ ಅಂಥ ರಾತ್ರಿಗಳು ಕಡಿಮೆ. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಮಲಗುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಯಕ್ಷಗಾನವೂ ಕಾಲಮಿತಿಗೆ ಬಂದಿತು, ಬಯಲಿನ ದೊಡ್ಡ ಸಂಗೀತೋತ್ಸವಗಳೂ ಹೆಚ್ಚಾಗಿ ಹತ್ತಕ್ಕೆ ಮುಗಿಯುತ್ತವೆ. ಹೀಗಾಗಿ ನಡುರಾತ್ರಿಯ ಮತ್ತು ಬೆಳಗಿನ ಜಾವದ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಎದುರಿಗೆ ಕೂತು ಕೇಳುವ ಅವಕಾಶ ಒಂದು ತಲೆಮಾರಿಗೇ ತಪ್ಪುತ್ತಿದೆ. ಮೈಕಿಲ್ಲದ ಮನೆಯ ಜಗಲಿಯ ಬೈಠಕ್‌ಗಳು ಉಳಿಯಲಿ ಎಂದು ನಾನು ಹಂಬಲಿಸುವುದು ಅದಕ್ಕೇ.

ಕೆಲಸದ ಮೇಲೆ ನಾನು ಕಾರವಾರಕ್ಕೆ ಬಂದು ಬಹಳ ವರ್ಷವಾಯಿತು. ಟಾಗೋರ್ ಕಡಲತೀರದ ಕರಾವಳಿ ಉತ್ಸವಕ್ಕೆ ಮಕ್ಕಳ ಜೊತೆ ಹೋಗುತ್ತೇನೆ. ಅಲ್ಲಿನ ಗದ್ದಲ ಬೇರೆ, ಖುಷಿ ಬೇರೆ. ಖ್ಯಾಲ್ ಬೇಕೆಂದಾಗ ಗೋವಾ ಹತ್ತಿರ. ಪಣಜಿಯ ಕಲಾ ಅಕಾಡೆಮಿಯಲ್ಲಿ ಗಾಯಕಿ ಕೇಸರಬಾಯಿ ಕೇರ್ಕರ್ ಹೆಸರಿನ ಸಂಗೀತ ಸಮಾರೋಹಕ್ಕೆ ರೈಲು ಹತ್ತಿ ಹೋಗಿ ಬಂದಿದ್ದೇನೆ. 2016ರ ಜನವರಿ 26ರಂದು ಆಕಾಶವಾಣಿ 'ರಾಗಂ' ಎಂಬ ದಿನವಿಡೀ ಶಾಸ್ತ್ರೀಯ ಸಂಗೀತದ ವಾಹಿನಿ ಶುರು ಮಾಡಿತು. ಮೊಬೈಲಿನಲ್ಲೇ ಸಿಗುತ್ತದೆ. ಪೆಟ್ಟಿಗೆ ತಿರುಗಿಸುವ ಕೆಲಸವಿಲ್ಲ. ಆದರೂ ಎರಡು ನಿಮಿಷ ತಡವಾಗಿ ಹಚ್ಚುವ ಅಭ್ಯಾಸ ಬಿಟ್ಟಿಲ್ಲ.

ಹೋದ ಚೌತಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದಾಗ ಆಚೆ ಮನೆಯಿಂದ ಹಾಡು ಕೇಳಿಸಿತು. ಯಾರೋ ಹುಡುಗಿ ಅಭ್ಯಾಸ ಮಾಡುತ್ತಿದ್ದಳು. ಐದು ಸ್ವರ. ಧೈವತಕ್ಕೆ ಹೋಗಿ ನಿಂತಳು, ಮತ್ತೆ ಹೋಗಿ ನಿಂತಳು. ನಾನು ಗಡಿಯಾರ ನೋಡಲಿಲ್ಲ.

ಈಗ ನಾಲ್ಕನೆಯ ನೋಟ್‌ಬುಕ್ ನಡೆಯುತ್ತಿದೆ. ಹೊಸದಾಗಿ ಮಾರವಾ, ಪೂರಿಯಾ, ಸೋಹನಿ ಹಿಡಿದಿದ್ದೇನೆ. ಮೂರಕ್ಕೂ ಅವೇ ಆರು ಸ್ವರ, ಪಂಚಮ ಇಲ್ಲ. ಸೋಹನಿ ಮೇಲಿನ ಸಪ್ತಕದಲ್ಲೇ ಇರುವುದರಿಂದ ಬೇಗ ಸಿಕ್ಕಿತು. ಮಾರವಾ ರಿಷಭ, ಧೈವತಗಳ ಮೇಲೆ ನಿಲ್ಲುತ್ತದೆ, ಪೂರಿಯಾ ಗಾಂಧಾರ, ನಿಷಾದಗಳ ಮೇಲೆ. ಓದಿದರೆ ಸುಲಭ. ಕಳೆದ ವಾರ ಪೂರಿಯಾ ಬರುತ್ತಿದ್ದಾಗ ನಾನು ಬರೆದದ್ದು ಮಾರವಾ.

ಇವತ್ತು ರಾತ್ರಿ ಮತ್ತೆ ಕೇಳುತ್ತೇನೆ.