ಹಡಗು ಯಾರ್ಡ್‌ನಲ್ಲಿರುವಾಗಲೇ ಬಾಲ್ಕನಿ ಕ್ಯಾಬಿನ್ ಆರಿಸಿಕೊಳ್ಳುವುದು ಹೇಗೆ

ಹೊಸ ಕ್ರೂಸ್ ಹಡಗು ಬರುತ್ತಿದೆ ಅಂತ ಕಂಪನಿ ಹೇಳಿದ ಮೇಲೆ ಅದು ಜನರನ್ನು ಹತ್ತಿಸಿಕೊಳ್ಳುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ತುಂಬಾ ಜನಕ್ಕೆ ಅದು ಬರೀ ಕಾಯುವ ಸಮಯ. ನನಗೆ ಅದೇ ಕ್ಯಾಬಿನ್ ಹುಡುಕುವ ಸಮಯ. ಬುಕಿಂಗ್ ತೆರೆದ ದಿನ ಗಡಿಬಿಡಿಯಲ್ಲಿ ಕೂತರೆ ಕಣ್ಣಿಗೆ ಬೀಳುವುದು ಬೆಲೆ ಮತ್ತು ಚಂದದ ಫೋಟೋ ಮಾತ್ರ. ಹಡಗನ್ನು ಮೊದಲಿನಿಂದ ನೋಡುತ್ತಾ ಬಂದವರಿಗೆ ತಾವು ಯಾವುದರ ಕೆಳಗೆ, ಯಾವುದರ ಮೇಲೆ ಮಲಗುತ್ತೇವೆ ಅನ್ನುವುದು ಗೊತ್ತಿರುತ್ತದೆ. ಬಾಲ್ಕನಿ ಕ್ಯಾಬಿನ್ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಅನ್ನುತ್ತೇನೆ.

ಮೊದಲು ಹಡಗು ಯಾವ ಹಂತದಲ್ಲಿದೆ ಅಂತ ತಿಳಿದುಕೊಳ್ಳಿ. ಯಾರ್ಡ್‌ನಲ್ಲಿ, ಅಂದರೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ, ಶುರುವಾಗುವುದು ಉಕ್ಕು ಕತ್ತರಿಸುವುದರಿಂದ. ಆಮೇಲೆ ಕೀಲ್ ಇಡುತ್ತಾರೆ. ಅಂದರೆ ಹಡಗಿನ ಮೊದಲ ದೊಡ್ಡ ಬ್ಲಾಕನ್ನು ಡಾಕ್ ಅನ್ನುವ ಒಣ ಗುಂಡಿಗೆ ಇಳಿಸುತ್ತಾರೆ, ಅದೃಷ್ಟಕ್ಕೆ ಅಂತ ಅದರಡಿ ನಾಣ್ಯ ಇಡುತ್ತಾರೆ. ಎಲ್ಲ ಬ್ಲಾಕ್ ಸೇರಿಸಿ ಬೆಸುಗೆ ಹಾಕಿದ ಮೇಲೆ ಡಾಕ್‌ಗೆ ನೀರು ಬಿಟ್ಟು ಹಡಗನ್ನು ತೇಲಿಸುತ್ತಾರೆ. ಅದು ಫ್ಲೋಟ್ ಔಟ್. ಒಳಗಿನ ಕೆಲಸ ಅಲ್ಲಿಂದಾಚೆಗೂ ತಿಂಗಳುಗಟ್ಟಲೆ ನಡೆಯುತ್ತದೆ. ಕೊನೆಗೆ ಸಮುದ್ರದಲ್ಲಿ ಓಡಿಸಿ ನೋಡುವ ಸೀ ಟ್ರಯಲ್, ಆಮೇಲೆ ಕಂಪನಿಗೆ ಹಸ್ತಾಂತರ.

ಫಿನ್ಲೆಂಡಿನ ತುರ್ಕು ಯಾರ್ಡ್‌ನಲ್ಲಿ ಕಟ್ಟಿದ ಐಕಾನ್ ಆಫ್ ದಿ ಸೀಸ್ ಹಡಗನ್ನೇ ನೋಡಿ. 2021ರ ಜೂನ್‌ನಲ್ಲಿ ಉಕ್ಕು ಕತ್ತರಿಸಿದರು. 2022ರ ಏಪ್ರಿಲ್‌ನಲ್ಲಿ ಕೀಲ್, ಅದೇ ಡಿಸೆಂಬರ್‌ನಲ್ಲಿ ಫ್ಲೋಟ್ ಔಟ್. 2023ರ ಜೂನ್‌ನಲ್ಲಿ ಮೊದಲ ಸೀ ಟ್ರಯಲ್, ನವೆಂಬರ್‌ನಲ್ಲಿ ಹಸ್ತಾಂತರ, 2024ರ ಜನವರಿಯಲ್ಲಿ ಮೊದಲ ಪ್ರಯಾಣ. ಬುಕಿಂಗ್ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ಹಡಗು ಇನ್ನೂ ನೀರು ಕಂಡಿರಲಿಲ್ಲ, ಆಗಲೇ ಜನ ಬಾಲ್ಕನಿ ಆರಿಸುತ್ತಿದ್ದರು! ಅವರ ಕೈಯಲ್ಲಿ ಇದ್ದದ್ದು ಡೆಕ್ ಪ್ಲಾನ್ (ಹಡಗಿನ ಒಂದೊಂದು ಅಂತಸ್ತಿನ ನಕ್ಷೆ) ಮತ್ತು ಕಂಪ್ಯೂಟರ್‌ನಲ್ಲಿ ಬರೆದ ಚಿತ್ರಗಳು ಮಾತ್ರ. ಹಾಗಾಗಿ ಡೆಕ್ ಪ್ಲಾನ್ ಓದುವುದನ್ನು ಕಲಿಯಲೇಬೇಕು.

ಹಡಗು ಒಂದೇ ಸರಣಿಯ ಎರಡನೆಯದೋ ಮೂರನೆಯದೋ ಆಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. 2025ರ ಆಗಸ್ಟ್‌ನಲ್ಲಿ ಬಂದ ಸ್ಟಾರ್ ಆಫ್ ದಿ ಸೀಸ್ ಐಕಾನ್‌ನ ತಂಗಿ ಹಡಗು. ಇಂಥ ಕಡೆ ಅಕ್ಕನ ಡೆಕ್ ಪ್ಲಾನ್ ತೆಗೆದು, ನಿಮಗೆ ಬೇಕಾದ ಜಾಗದ ಕ್ಯಾಬಿನ್‌ನಲ್ಲಿ ಉಳಿದವರು ಹಾಕಿರುವ ಫೋಟೋ, ವಿಡಿಯೋ ಹುಡುಕಿ. ಆದರೆ ಎರಡೂ ಹಡಗು ತದ್ರೂಪ ಅಂತ ನಂಬಬೇಡಿ. ರೆಸ್ಟೋರೆಂಟು, ಬಾರು ಜಾಗ ಬದಲಿಸಿರುತ್ತವೆ.

ಯಾರ್ಡ್‌ನ ಸುದ್ದಿ ನೋಡುವುದು ನನಗೆ ತುಂಬಾ ಇಷ್ಟ. ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ಕಟ್ಟಿದ ಹಡಗು ಎಮ್ಸ್ ಅನ್ನುವ ಕಿರಿದಾದ ನದಿಯಲ್ಲಿ 30 ಕಿಲೋಮೀಟರ್‌ಗೂ ಜಾಸ್ತಿ ದೂರ ಸಾಗಿ ಸಮುದ್ರ ಸೇರಬೇಕು. ನದಿಗೆ ಅಡ್ಡ ಇರುವ ಗೇಟು ಮುಚ್ಚಿ ನೀರು ಏರಿಸುತ್ತಾರೆ. ಹಡಗು ಸಾಮಾನ್ಯವಾಗಿ ಹಿಮ್ಮುಖವಾಗಿ, ಇಂಚಿಂಚಾಗಿ ಹೋಗುತ್ತದೆ. ದಂಡೆಯಲ್ಲಿ ಜನ ಸೇರಿರುತ್ತಾರೆ. ಇಂಥ ಫೋಟೋಗಳಲ್ಲಿ ಕ್ಯಾಬಿನ್ ಆರಿಸುವವರಿಗೂ ಕೆಲಸದ ವಿಷಯ ಇರುತ್ತದೆ. ಬಾಲ್ಕನಿಯ ಕಟಕಟೆ ಗಾಜಿನದೋ ಉಕ್ಕಿನದೋ? ಮೇಲಿನ ಡೆಕ್ ಎಷ್ಟು ಮುಂದಕ್ಕೆ ಚಾಚಿದೆ? ಲೈಫ್‌ಬೋಟ್ ಯಾವ ಸಾಲಿನಲ್ಲಿ ತೂಗುತ್ತಿದೆ? ಕಂಪ್ಯೂಟರ್ ಚಿತ್ರದಲ್ಲಿ ಇವು ಯಾವುವೂ ಸರಿಯಾಗಿ ಕಾಣುವುದಿಲ್ಲ. ಕಟಕಟೆ ಉಕ್ಕಿನದಾದರೆ ಕುರ್ಚಿಯಲ್ಲಿ ಕೂತಾಗ ಎದುರಿಗೆ ಬಿಳಿ ಗೋಡೆ, ಎದ್ದು ನಿಂತರೆ ಮಾತ್ರ ಸಮುದ್ರ. ನನಗೆ ಅದು ಆಗುವುದೇ ಇಲ್ಲ.

ಕ್ಯಾಬಿನ್‌ಗಳನ್ನು ಹಡಗಿನೊಳಗೆ ಕಟ್ಟುವುದಿಲ್ಲ, ಗೊತ್ತಲ್ವಾ? ಬಚ್ಚಲುಮನೆ, ನೆಲಹಾಸು ಎಲ್ಲ ಸಮೇತ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತವೆ. ಬೀರುವಿಗೆ ಡ್ರಾಯರ್ ತಳ್ಳಿದ ಹಾಗೆ ಹಡಗಿನ ಪಕ್ಕದಿಂದ ಒಳಗೆ ತಳ್ಳುತ್ತಾರೆ. ಅದಕ್ಕೇ ಒಂದೇ ದರ್ಜೆಯ ಕ್ಯಾಬಿನ್‌ಗಳು ಒಳಗೆ ಹೆಚ್ಚು ಕಡಿಮೆ ಒಂದೇ ಥರ. ವ್ಯತ್ಯಾಸ ಇರುವುದು ಅವು ಕೂತಿರುವ ಜಾಗದಲ್ಲಿ. ಮೊದಲು ಜಾಗ ನೋಡಿ, ದರ್ಜೆ ಆಮೇಲೆ.

ಜಾಗ ನೋಡುವುದಕ್ಕೆ ನಾನು ಮಾಡುವುದು ಇಷ್ಟು. ನನಗೆ ಬೇಕಾದ ಡೆಕ್, ಅದರ ಮೇಲಿನದು, ಕೆಳಗಿನದು, ಮೂರನ್ನೂ ಒಂದೇ ಅಳತೆಯಲ್ಲಿ ತೆಳು ಹಾಳೆಯಲ್ಲಿ ಪ್ರಿಂಟ್ ತೆಗೆಯುತ್ತೇನೆ. ಲಿಫ್ಟ್ ಮತ್ತು ಮೆಟ್ಟಿಲಿನ ಗುರುತು ಎಲ್ಲ ಡೆಕ್‌ನಲ್ಲೂ ಒಂದೇ ಕಡೆ ಇರುತ್ತದಲ್ಲ, ಅವನ್ನು ಹೊಂದಿಸಿ ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿಯುತ್ತೇನೆ. ನನ್ನ ಕ್ಯಾಬಿನ್ ತಲೆ ಮೇಲೆ ಈಜುಕೊಳದ ಡೆಕ್ ಬಂದರೆ ಅದನ್ನು ಬಿಡುತ್ತೇನೆ. ಸೂರ್ಯ ಹುಟ್ಟುವ ಮುಂಚೆಯೇ ಅಲ್ಲಿ ಕುರ್ಚಿ ಎಳೆದು ಜೋಡಿಸುತ್ತಾರೆ, ಆ ಸದ್ದು ಉಕ್ಕಿನ ಮೂಲಕ ನೇರ ದಿಂಬಿಗೇ ಬರುತ್ತದೆ. ಕೆಳಗೆ ಥಿಯೇಟರೋ ನೈಟ್ ಕ್ಲಬ್ಬೋ ಇದ್ದರೂ ಬೇಡ. ಮೇಲೂ ಕೆಳಗೂ ಬರೀ ಕ್ಯಾಬಿನ್ ಇದ್ದರೆ ನೆಮ್ಮದಿ.

ಪ್ಲಾನ್‌ನಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ಬಿಳಿ ಜಾಗಗಳನ್ನು ಬಿಡದೆ ಗಮನಿಸಿ. ಅವು ಖಾಲಿ ಅಲ್ಲ. ಅಡುಗೆಮನೆ, ಸಿಬ್ಬಂದಿಯ ದಾರಿ, ಸಾಮಾನಿನ ಕೋಣೆ ಹೀಗೆ ಏನೋ ಇರುತ್ತದೆ. ಅದರ ಪಕ್ಕದಲ್ಲಿದ್ದರೆ ರಾತ್ರಿಯೆಲ್ಲ ಬಾಗಿಲಿನ ದಡಬಡ, ತಳ್ಳುಗಾಡಿಯ ಗಡಗಡ. ಎರಡು ಕ್ಯಾಬಿನ್ ನಡುವೆ ಬಾಗಿಲಿನ ಗುರುತು ಇದ್ದರೆ ಪಕ್ಕದವರ ಮಾತು ಜಾಸ್ತಿ ಕೇಳುತ್ತದೆ. ಕುಟುಂಬದವರೇ ಅಕ್ಕಪಕ್ಕ ಇದ್ದರೆ ಮಾತ್ರ ಅದು ಅನುಕೂಲ.

ಬಾಲ್ಕನಿ ಅಂತ ಮಾರುವುದೆಲ್ಲ ಸಮುದ್ರದ ಬಾಲ್ಕನಿ ಅಲ್ಲ. ಒಯಾಸಿಸ್ ಸರಣಿಯ ಹಡಗುಗಳಲ್ಲಿ ಕೆಲವು ಬಾಲ್ಕನಿಗಳು ಹಡಗಿನ ಒಳಗಿನ ಪಾರ್ಕ್ ಕಡೆ ತೆರೆಯುತ್ತವೆ. 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್‌ನಲ್ಲಿ ಹೊಸ ಥರದ ಬಾಲ್ಕನಿ ಬಂತು. ಅಲ್ಲಿ ಹೊರಗೆ ಕಾಲಿಡುವ ಜಾಗವೇ ಬೇರೆ ಇಲ್ಲ, ಗುಂಡಿ ಒತ್ತಿದರೆ ದೊಡ್ಡ ಗಾಜಿನ ಮೇಲರ್ಧ ಕೆಳಗಿಳಿಯುತ್ತದೆ. ಕೋಣೆ ದೊಡ್ಡದಾಗುತ್ತದೆ ನಿಜ, ಆದರೆ ಬಾಗಿಲು ಎಳೆದುಕೊಂಡು ಒಬ್ಬರೇ ಹೊರಗೆ ಕೂರುವ ಸುಖ ಬೇಕಾದವರು ಯೋಚಿಸಬೇಕು. ‘ಅಡಚಣೆಯ ನೋಟ’ ಅಂತ ಕಡಿಮೆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಲೈಫ್‌ಬೋಟ್ ಹಿಂದಿನವು. ಬೋಟ್‌ಗಿಂತ ಒಂದು ಡೆಕ್ ಮೇಲಿದ್ದರೆ ತೊಂದರೆ ಕಡಿಮೆ. ಬಗ್ಗಿ ನೋಡಿದಾಗ ಬೋಟಿನ ಬೆನ್ನು ಕಾಣುತ್ತದೆ, ನೇರ ನೋಡಿದರೆ ಸಮುದ್ರವೇ.

ಹಡಗು ತೂಗಾಡುವುದು ಕಡಿಮೆ ಇರಬೇಕಾದರೆ ಮಧ್ಯಭಾಗ, ಕೆಳಗಿನ ಡೆಕ್. ಹಿಂಭಾಗದ ಬಾಲ್ಕನಿಗೆ ಗಾಳಿ ಕಡಿಮೆ, ಹಡಗು ಬಿಟ್ಟು ಹೋಗುವ ನೊರೆಯ ದಾರಿ ಕಾಣುತ್ತದೆ. ಕಂಪನ ಸ್ವಲ್ಪ ಜಾಸ್ತಿ ಇರಬಹುದು, ಊಟಕ್ಕೂ ಶೋಗೂ ನಡಿಗೆ ಉದ್ದ. ಮುಂಭಾಗದ ಕೆಳ ಡೆಕ್‌ನಲ್ಲಿ ಬೆಳಗಿನ ಜಾವ ಬಂದರು ಸೇರುವಾಗ ಹಡಗನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರ್ ಯಂತ್ರದ ಸದ್ದಿಗೆ ಎಚ್ಚರ ಆಗುತ್ತದೆ. ನನಗೆ ಇಷ್ಟವಾದದ್ದು ಉಬ್ಬಿನ ಜಾಗ. ಕೆಲವು ಹಡಗುಗಳ ಬದಿ ಒಂದು ಕಡೆ ಹೊರಕ್ಕೆ ಉಬ್ಬಿರುತ್ತದೆ. ಆ ತಿರುವಿನ ಕ್ಯಾಬಿನ್‌ಗಳ ಬಾಲ್ಕನಿ ಓರೆಯಾಗಿರುವುದರಿಂದ ಎದುರಿನ ನೀರಿನ ಜೊತೆ ಹಡಗಿನ ಉದ್ದವೂ ಕಾಣುತ್ತದೆ.

ಎಡವೋ ಬಲವೋ ಅನ್ನುವುದು ಮಾರ್ಗದ ಮೇಲೆ. ನಾರ್ವೆ ಕರಾವಳಿಯಲ್ಲಿ ಉತ್ತರಕ್ಕೆ ಹೋಗುವಾಗ ನೆಲ ಬಲಗಡೆ, ವಾಪಸ್ ಬರುವಾಗ ಎಡಗಡೆ. ಹೋಗಿ ಬರುವ ಪ್ರಯಾಣವಾದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ದಿಕ್ಕಿನದಾದರೆ ಮಾತ್ರ ನೋಡಿ. ಯುರೋಪಿನಿಂದ ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಬಿಸಿಲು ಬೀಳುವುದು ದಕ್ಷಿಣಕ್ಕೆ ಮುಖ ಮಾಡಿದ ಎಡಬದಿಗೆ.

ಇನ್ನೊಂದು ಚಿಕ್ಕ ಗುರುತು ಬಹಳ ಜನ ನೋಡುವುದಿಲ್ಲ: ಮಂಚ ಎಲ್ಲಿದೆ ಅನ್ನುವುದು. ತುಂಬಾ ಹಡಗುಗಳಲ್ಲಿ ಒಂದು ಕ್ಯಾಬಿನ್‌ನಲ್ಲಿ ಮಂಚ ಬಾಲ್ಕನಿ ಪಕ್ಕ, ಮುಂದಿನದರಲ್ಲಿ ಬಚ್ಚಲುಮನೆ ಪಕ್ಕ ಇರುತ್ತದೆ. ನಾನು ಬೆಳಗಿನ ಜಾವ ಎದ್ದು ಬಾಲ್ಕನಿಯಲ್ಲಿ ಕೂರುವವಳು. ನಮ್ಮವರು ತಡವಾಗಿ ಏಳುವವರು. ಮಂಚ ಒಳಗಡೆ, ಸೋಫಾ ಬಾಲ್ಕನಿ ಕಡೆ ಇದ್ದರೆ ಪರದೆಯ ಒಂದು ಮೂಲೆ ಸರಿಸಿ ಸದ್ದಿಲ್ಲದೆ ಹೊರಗೆ ಹೋಗಬಹುದು. ಮಂಚ ಬಾಲ್ಕನಿಗೆ ಅಂಟಿಕೊಂಡಿದ್ದರೆ ಅವರ ಕಾಲು ಬದಿಯಿಂದ ನುಸುಳಬೇಕು, ಬಾಗಿಲು ತೆಗೆದ ಕೂಡಲೇ ಗಾಳಿಯೂ ಬೆಳಕೂ ಅವರ ಮುಖಕ್ಕೇ. ಮಲಗಿದಲ್ಲಿಂದಲೇ ಸಮುದ್ರ ನೋಡಬೇಕು ಅನ್ನುವವರಿಗೆ ಮಂಚ ಬಾಲ್ಕನಿ ಪಕ್ಕ ಇರುವುದೇ ಸರಿ.

ಯಾವ ತಾರೀಕಿನ ಪ್ರಯಾಣ? ಮೊದಲನೆಯದೇ ಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಎರಡು ಮೂರು ತಿಂಗಳು ಬಿಟ್ಟು ಹೊರಡಿ ಅನ್ನುತ್ತೇನೆ. ಹಡಗು ತಡವಾಗುವುದು ಅಪರೂಪವೇನಲ್ಲ. ಜಪಾನಿನ ನಾಗಾಸಾಕಿಯಲ್ಲಿ ಕಟ್ಟಿದ ಐಡಾಪ್ರಿಮಾ 2015ರ ಮಾರ್ಚ್‌ಗೆ ಕೈಸೇರಬೇಕಿತ್ತು, ಸೇರಿದ್ದು 2016ರ ಮಾರ್ಚ್‌ನಲ್ಲಿ. ಅದಕ್ಕೇ ಮುಂಗಡ ವಾಪಸ್ ಸಿಗುವ ದರದಲ್ಲೇ ಬುಕ್ ಮಾಡಿ. ವಿಮಾನದ ಟಿಕೆಟ್‌ಗೆ ಅವಸರ ಬೇಡ. ಕ್ಯಾಬಿನ್ ನಂಬರನ್ನು ಕಂಪನಿಯೇ ಆಮೇಲೆ ಕೊಡುವ ಅಗ್ಗದ ದರ ತೆಗೆದುಕೊಂಡರೆ ಇಷ್ಟೆಲ್ಲ ನೋಡಿದ್ದು ದಂಡ.

ಬುಕ್ ಮಾಡಿದ ಮೇಲೂ ಡೆಕ್ ಪ್ಲಾನ್ ಆಗಾಗ ತೆರೆದು ಹಳೆಯ ಪ್ರಿಂಟ್ ಜೊತೆ ಹೋಲಿಸಿ. ಮೇಲಿನ ಡೆಕ್‌ನಲ್ಲಿ ಹೊಸ ಬಾರ್ ಬಂದಿದೆಯಾ, ಕ್ಯಾಬಿನ್‌ನ ದರ್ಜೆ ಬದಲಾಗಿದೆಯಾ ನೋಡಿ. ಹಡಗು ಓಡಾಡಲು ಶುರು ಮಾಡಿದ ಮೇಲೆ ನಿಮ್ಮದೇ ಸಾಲಿನ ಕ್ಯಾಬಿನ್‌ಗಳ ವಿಡಿಯೋ ಬರುತ್ತವೆ. ಮೊದಲು ಬಾಲ್ಕನಿಯ ಕಟಕಟೆ ನೋಡಿ, ಆಮೇಲೆ ಮೇಲಿನ ಚಾಚು, ಆಮೇಲೆ ಮಂಚ. ಮನಸ್ಸಿಗೆ ಬಾರದಿದ್ದರೆ ಪೂರ್ತಿ ಹಣ ಕಟ್ಟುವ ಕೊನೆಯ ದಿನಕ್ಕೆ ಮುಂಚೆ ಬದಲಿಸಿಕೊಳ್ಳಿ. ಆ ದಿನ ಯಾವುದು ಅಂತ ಬುಕಿಂಗ್ ಪತ್ರದಲ್ಲೇ ಬರೆದಿರುತ್ತದೆ. ಅದಾದ ಮೇಲೆ ಒಳ್ಳೆಯ ಜಾಗಗಳು ಉಳಿದಿರುವುದೂ ಕಷ್ಟ, ಕಟ್ಟಿದ ಹಣ ವಾಪಸ್ ಬರುವುದೂ ಕಷ್ಟ.